ತಿಥಿಗೆ ಬಂದ ಬಿಳಿ ಕಾಗೆ

ಮಾವ ತೀರಿಕೊಂಡ ಹನ್ನೊಂದನೇ ದಿನ ಹೊಲದಲ್ಲಿ ಅವರ ಮಣ್ಣಿನ ಗುಡ್ಡೆಯ ಮುಂದೆ ಎಡೆ ಇಟ್ಟು ಎಲ್ಲರೂ ಕಾಯುತ್ತ ನಿಂತಿದ್ದೆವು. ಮುದ್ದೆ, ಹುರುಳಿಸಾರು, ಅನ್ನ, ಒಬ್ಬಟ್ಟು, ಅವರು ಬಿಡದೆ ಸೇದುತ್ತಿದ್ದ ಬೀಡಿಯ ಒಂದು ಕಟ್ಟು, ಎಲ್ಲವೂ ಮುತ್ತುಗದ ಎಲೆಯ ಮೇಲಿದ್ದವು. ಕಾಗೆ ಬಂದು ಎಡೆ ಮುಟ್ಟಿದ ಮೇಲೆ ನಾವು ಮನೆಗೆ ಹೋಗಿ ನೆಂಟರಿಗೆ ಊಟ ಹಾಕಬೇಕು. ಗಂಟೆ ಹನ್ನೊಂದಾಯಿತು, ಹನ್ನೆರಡಾಯಿತು. ಹುಣಸೆ ತೋಪಿನಲ್ಲಿ ಕಾಗೆಗಳು ಕೂಗುವುದು ಕೇಳುತ್ತಿತ್ತು, ಒಂದೂ ಇತ್ತ ಸುಳಿಯಲಿಲ್ಲ. ಮಾವನ ತಮ್ಮ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ, ಏನಾದರೂ ಕೊರತೆ ಆಗಿದ್ದರೆ ಹೊಟ್ಟೆಗೆ ಹಾಕಿಕೋ ಎಂದು ಗುಡ್ಡೆಗೆ ಕೈಮುಗಿದು ಬೇಡಿಕೊಂಡರು. ಒಬ್ಬನೇ ಮಗನಾದ ನನ್ನ ಗಂಡ, ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಬಾರಪ್ಪ ಎಂದು ಗಟ್ಟಿಯಾಗಿ ಮಾತು ಕೊಟ್ಟ. ಬದುಕಿದ್ದಾಗ ಮಾವನಿಗೆ ಇಲ್ಲದ ಆ ಚಿಂತೆ ಸತ್ತ ಮೇಲೆ ಯಾಕೆ ಬಂದೀತು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಅತ್ತೆ ಎಲ್ಲರಿಗಿಂತ ಹಿಂದೆ, ಹಿಪ್ಪುನೇರಳೆ ಸಾಲಿನ ಬದುವಿನ ಮೇಲೆ ಕೂತಿದ್ದರು. ಬೆಳಗ್ಗೆ ಬಳೆ ಒಡೆಯುವಾಗ ಗಾಜು ತಗುಲಿ ಅವರ ಮಣಿಕಟ್ಟು ಗೀರಿತ್ತು. ಅದಕ್ಕೆ ಯಾರೂ ಅರಿಶಿನ ಹಚ್ಚಿರಲಿಲ್ಲ. ನಾನೂ ಹಚ್ಚಿರಲಿಲ್ಲ.

ಮಾವ ಊರಿನಲ್ಲಿ ದೊಡ್ಡ ಮನುಷ್ಯರು. ನ್ಯಾಯಕ್ಕೆ ಕೂತರೆ ದನಿ ಏರಿಸದೆ ಮಾತಾಡುವವರು. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೊಂದು ಬಿಳಿ ಟವೆಲ್. ಕೆಮ್ಮಣ್ಣಿನ ಊರಿನಲ್ಲಿ ಆ ಬಟ್ಟೆ ಹಾಗೇ ಇರಬೇಕೆಂದರೆ ಅತ್ತೆ ದಿನಾ ಅದನ್ನು ಕಲ್ಲಿಗೆ ಕುಕ್ಕಿ, ನೀಲಿಯಲ್ಲಿ ಅದ್ದಿ, ಗಂಜಿ ಹಾಕಿ ಒಣಗಿಸಬೇಕಿತ್ತು. ಸಾರಿನ ಕಲೆಯೊಂದು ಉಳಿದರೆ ಅವತ್ತು ಏಟು. ಅವರು ಹೊಡೆಯುತ್ತಿದ್ದುದು ಹೆಚ್ಚಾಗಿ ಅತ್ತೆ ಉಣ್ಣಲು ಕೂತಾಗ. ಎಲ್ಲರದೂ ಮುಗಿದು, ಅತ್ತೆ ಒಲೆಯ ಪಕ್ಕ ತಟ್ಟೆ ಎಳೆದುಕೊಂಡು ಮೊದಲ ತುತ್ತು ಮುರಿದ ಹೊತ್ತಿಗೇ ಅವರಿಗೆ ಬೆಳಗಿನಿಂದ ಆದ ತಪ್ಪುಗಳೆಲ್ಲ ನೆನಪಾಗುತ್ತಿದ್ದವು. ಒಂದು ಸಲ ಒನಕೆಯ ಏಟಿಗೆ ಅತ್ತೆಯ ಎಡಗೈ ಉಂಗುರದ ಬೆರಳು ಮುರಿಯಿತು. ಬಾವಿಕಟ್ಟೆ ಮೇಲೆ ಜಾರಿದೆ ಎಂದು ಅತ್ತೆಯೇ ಊರಿಗೆಲ್ಲ ಹೇಳಿಕೊಂಡು ಬಂದರು. ಆ ಬೆರಳು ಇವತ್ತಿಗೂ ನೆಟ್ಟಗಾಗಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಗಿತ್ತು. ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಜೀವಶಾಸ್ತ್ರ ಹೇಳುವ ಟೀಚರ್ ನಾನು. ಊರಿನಲ್ಲಿ ಹತ್ತು ಜನ ನನ್ನ ಮಾತು ಕೇಳುತ್ತಿದ್ದರು. ಆದರೂ ಆ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಮಾವನಿಗೆ ಸಾಕು ಮಾಡಿ ಎನ್ನಲಿಲ್ಲ. ನಡುಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನನ್ನ ಗಂಡ ಅಷ್ಟೂ ಮಾಡುತ್ತಿರಲಿಲ್ಲ. ಏಟು ಶುರುವಾದ ಕೂಡಲೇ ಹಿತ್ತಲ ಹುಳುಮನೆಗೆ ಹೋಗಿ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದ, ಹಾಕುವ ಹೊತ್ತಲ್ಲದಿದ್ದರೂ.

ಹನ್ನೆರಡೂವರೆ ಹೊತ್ತಿಗೆ ತೋಪಿನ ಕಡೆಯಿಂದ ಒಂದು ಹಕ್ಕಿ ಬಂತು. ದೂರದಲ್ಲಿ ಬೆಳ್ಳಕ್ಕಿ ಅಂದುಕೊಂಡೆ. ಹಾರುವ ರೀತಿ ಮಾತ್ರ ಕಾಗೆಯದು. ಗುಡ್ಡೆಯ ಮೇಲೆ ಇಳಿದು, ಕತ್ತು ಓರೆ ಮಾಡಿ ನಮ್ಮನ್ನು ನೋಡಿ, ಕಾ ಎಂದಿತು. ಮೈಯೆಲ್ಲ ಹಾಲಿನ ಕೆನೆಯ ಬಣ್ಣ. ಕೊಕ್ಕು, ಕಾಲು ತಿಳಿಗೆಂಪು. ನನ್ನ ಅವ್ವ ನೇಮಕಲ್ಲು ಹತ್ತಿರದ ನಮ್ಮೂರಿನಿಂದ, ರಾಯದುರ್ಗದಲ್ಲಿ ಬಸ್ಸು ಬದಲಿಸಿಕೊಂಡು ಹಿಂದಿನ ದಿನವೇ ಬಂದಿದ್ದಳು. ಅವಳೇ ಮೊದಲು ಬಾಯಿ ಬಿಟ್ಟಳು.

"ಬೀಗ್ರು ಬಂದಾರ ನೋಡ್ರಿ," ಅಂದಳು ಕೈಜೋಡಿಸಿ. "ಬಿಳಿ ಪಂಚಿ ಉಟ್ಕಂಡೇ ಬಂದಾರ."

ಅವ್ವನ ಆಡುಮಾತಿಗೆ ಈ ಕಡೆಯವರು ಸದಾ ನಗುತ್ತಿದ್ದರು. ಅವತ್ತು ಯಾರೂ ನಗಲಿಲ್ಲ. ಮಾವನ ತಮ್ಮ ಅಡ್ಡಬಿದ್ದರು. ನನ್ನ ಗಂಡ ಅಳತೊಡಗಿದ. ಹಕ್ಕಿ ಎರಡು ತುತ್ತು ಅನ್ನ ತಿಂದಿತ್ತು, ಅಷ್ಟರಲ್ಲಿ ತೋಪಿನಿಂದ ಐದಾರು ಕಪ್ಪು ಕಾಗೆಗಳು ಬಂದು ಅದನ್ನು ಕುಕ್ಕಿ ಅಟ್ಟಿದವು. ಜನ ಕೈಮುಗಿದೇ ಇದ್ದರು. ಅತ್ತೆ ಕೈಮುಗಿಯಲಿಲ್ಲ. ಬದುವಿನಿಂದ ಎದ್ದು ನಿಂತು, ಆ ಬಿಳಿ ಕಾಗೆ ಹಾರಿಹೋದ ದಿಕ್ಕನ್ನೇ ನೋಡುತ್ತಿದ್ದರು.

ಮರುವಾರ ನಾನು ತೋಪಿಗೆ ಹೋಗಿ ಅದನ್ನು ಹುಡುಕಿ ನೋಡಿದೆ. ಅದಿನ್ನೂ ಆ ವರ್ಷದ ಮರಿ, ಬಾಯಿಯ ಅಂಚು ಹಸಿಯಾಗಿಯೇ ಇತ್ತು. ಅಪ್ಪ ಅಮ್ಮ ಇಬ್ಬರೂ ಎಲ್ಲ ಊರುಕಾಗೆಗಳ ಹಾಗೆ ಕಪ್ಪು. ಒಡಹುಟ್ಟಿದ ಇನ್ನೊಂದು ಮರಿಯೂ ಕಪ್ಪು. ಗರಿಗೆ ಕಪ್ಪು ಕೊಡುವ ವರ್ಣದ್ರವ್ಯ ಇದರ ಮೈಯಲ್ಲಿ ಸರಿಯಾಗಿ ತಯಾರಾಗಿರಲಿಲ್ಲ, ಅಷ್ಟೇ. ಕಣ್ಣು ಕೆಂಪಗಿರಲಿಲ್ಲ, ಕಪ್ಪಾಗಿಯೇ ಇತ್ತು. ಹಾಗಾಗಿ ಆಲ್ಬಿನೋ ಎನ್ನುವ ಪೂರ್ತಿ ಬಣ್ಣಗೇಡಿಯೂ ಅಲ್ಲ. ಕತ್ತಿನ ಸುತ್ತ ಊರುಕಾಗೆಗೆ ಇರುವ ಬೂದು ಪಟ್ಟೆಯ ಗುರುತು ಇದಕ್ಕೂ ಇತ್ತು, ಕೆನೆಯ ಮೇಲೆ ಇನ್ನೊಂದು ಪದರ ಕೆನೆ ಹಾಕಿದ ಹಾಗೆ. ಕಪ್ಪು ಎಂಬುದು ಗರಿಗೆ ಬರೀ ಬಣ್ಣವಲ್ಲ, ಗಟ್ಟಿತನ ಕೊಡುವುದೂ ಅದೇ. ಇದರ ರೆಕ್ಕೆಯ ತುದಿಗಳು ಆಗಲೇ ಸವೆದ ಪೊರಕೆಯ ಹಾಗೆ ಸೀಳಿದ್ದವು. ಹೆತ್ತವು ಮಾತ್ರ ಭೇದ ಮಾಡಲಿಲ್ಲ. ಕಪ್ಪು ಮರಿಗೆ ಒಂದು ಗುಟುಕು ಕೊಟ್ಟರೆ ಬಿಳಿ ಮರಿಗೂ ಒಂದು. ಮರಿಗಳು ದೊಡ್ಡವಾದ ಮೇಲೆ ಎಲ್ಲ ಕಾಗೆಗಳ ಹಾಗೆ ಗುಟುಕು ಕೊಡುವುದನ್ನು ನಿಲ್ಲಿಸಿದವು. ಆಮೇಲೆ ಅದು ತೋಪಿನ ಉಳಿದ ಕಾಗೆಗಳ ಪಾಲಾಯಿತು. ಎಲ್ಲಿ ಕೂತರೂ ಎಬ್ಬಿಸಿ ಅಟ್ಟುತ್ತಿದ್ದವು.

ಇದನ್ನೆಲ್ಲ ಗಂಡನಿಗೆ ಬಿಡಿಸಿ ಹೇಳಿದೆ. ಪಾಠ ಸ್ಕೂಲಿನಲ್ಲಿ ಮಾಡು ಎಂದ. ಅಪ್ಪನ ಎದುರು ನಿಂತು ಒಂದು ದಿನವೂ ಮಾತಾಡದವನು ಈಗ ದಿನಾ ಬೆಳಗ್ಗೆ ಸ್ನಾನ ಮಾಡಿ, ಮಾವನ ತಟ್ಟೆಯಲ್ಲೇ ಮುದ್ದೆ ಇಟ್ಟು ಹಿತ್ತಲ ಗೋಡೆಯ ಮೇಲೆ ಆ ಬಿಳಿ ಕಾಗೆಗೆ ಕೊಡುತ್ತಿದ್ದ. ಸುದ್ದಿ ಫೋನಿನಿಂದ ಫೋನಿಗೆ ಹರಿದು ರೊಳ್ಳೆಯಿಂದ, ಅಗಳಿಯಿಂದ, ಮಡಕಶಿರಾದಿಂದಲೂ ಜನ ನೋಡಲು ಬಂದರು. ಬಂದವರಿಗೆ ನೀರು, ಟೀ ಕೊಡುವ ಕೆಲಸ ಅತ್ತೆಯ ಪಾಲಿಗೆ ಬಂತು. ಬಂದವರೆಲ್ಲ ಮಾವ ಎಂಥ ಪುಣ್ಯವಂತರು ಎಂದು ಅತ್ತೆಗೇ ಹೇಳಿ ಹೋಗುತ್ತಿದ್ದರು. ಅತ್ತೆ ಲೋಟ ತೊಳೆಯುತ್ತಿದ್ದರು.

ಸ್ವಲ್ಪ ದಿನದಲ್ಲೇ ಆ ಕಾಗೆಗೆ ಹಾಕುವ ಕೆಲಸವನ್ನೂ ಅತ್ತೆಯೇ ವಹಿಸಿಕೊಂಡರು. ಅಮ್ಮನಿಗೆ ಕೊನೆಗೂ ಅಪ್ಪನ ಮೇಲೆ ಭಕ್ತಿ ಬಂತು ಎಂದು ನನ್ನ ಗಂಡ ಖುಷಿಪಟ್ಟ. ರೇಷ್ಮೆ ಹುಳು ನಾಲ್ಕನೇ ಜ್ವರ ಮುಗಿಸಿ, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದಿದ್ದ ಕಾಲ. ಹಾಲುರೋಗ ಬಂದು ಊದಿಕೊಂಡ ಹುಳುಗಳನ್ನು ಆರಿಸಿ ಸುಣ್ಣದ ಗುಂಡಿಗೆ ಹಾಕಬೇಕು. ಅತ್ತೆ ಅವನ್ನು ಗುಂಡಿಗೆ ಹಾಕದೆ ಒಂದು ಮೊರದಲ್ಲಿ ಹಿತ್ತಲಿಗೆ ತರುತ್ತಿದ್ದರು.

ಒಂದು ಭಾನುವಾರ ನಾನು ಹಿತ್ತಲಲ್ಲಿ ತಲೆ ಒಣಗಿಸಿಕೊಳ್ಳುತ್ತ ಕೂತಿದ್ದೆ. ಅತ್ತೆ ಮೊದಲು ಬರೀ ಬಿಳಿ ಕಾಗೆಗೆ ಒಂದು ಹಿಡಿ ಹುಳು ಚೆಲ್ಲಿದರು. ಅದು ಹೆದರುತ್ತ ಹೆದರುತ್ತ ಗೋಡೆಯಿಂದ ಇಳಿಯಿತು. ಬಾಯಿ ತುಂಬ ತುಂಬಿಕೊಳ್ಳುವವರೆಗೆ ಅತ್ತೆ ಸುಮ್ಮನಿದ್ದರು. ಆಮೇಲೆ ತೋಪಿನ ಕಡೆ ಮುಖ ಮಾಡಿ, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಕಾ ಕಾ ಎಂದು ಕೂಗಿ ಕರೆದರು. ಉಳಿದ ಹುಳುಗಳನ್ನು ಬಿಳಿ ಕಾಗೆಯ ಸುತ್ತಲೂ ಎರಚಿದರು. ಕಪ್ಪು ಕಾಗೆಗಳು ಮೋಡದ ಹಾಗೆ ಬಂದು ಬಿದ್ದವು. ಹುಳು ತಿನ್ನುವುದಕ್ಕೆ ಮೊದಲು ಅದನ್ನು ಕುಕ್ಕಿದವು. ಅದು ನೆಲಕ್ಕೆ ಅವಚಿಕೊಂಡು ಬಾಯಲ್ಲಿದ್ದದ್ದನ್ನೆಲ್ಲ ಕಕ್ಕಿತು. ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಅಡಿಕೆ ಬಾಯಿಗೆ ಹಾಕಿಕೊಂಡು ನೋಡುತ್ತಿದ್ದರು. ಮಗುವಿಗೆ ಉಣ್ಣಿಸುವಾಗ ಮಾತಾಡುವಷ್ಟು ಮೆಲ್ಲಗೆ ಅವರು ಹೇಳುತ್ತಿದ್ದುದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ತಿನ್ನು. ಯಾಕೆ, ಗಂಟ್ಲಾಗೆ ಇಳೀವಲ್ದಾ? ನಂಗೂ ಇಳೀತಿರ್ಲಿಲ್ಲ."

ಅದು ದಿನನಿತ್ಯದ ಕೆಲಸವಾಗಿತ್ತೆಂದು ಆಮೇಲೆ ತಿಳಿಯಿತು. ನಾನು ಸ್ಕೂಲಿಗೆ ಹೋದ ಮೇಲೆ, ಗಂಡ ಸೊಪ್ಪು ಕೊಯ್ಯಲು ಹೊಲಕ್ಕೆ ಹೋದ ಮೇಲೆ. ಬಿಳಿ ಕಾಗೆಗೆ ಬೇರೆಲ್ಲೂ ಕೂಳು ಸಿಗುತ್ತಿರಲಿಲ್ಲ, ಸವೆದ ರೆಕ್ಕೆಯಲ್ಲಿ ದೂರ ಹಾರಲೂ ಆಗುತ್ತಿರಲಿಲ್ಲ. ಹಾಗಾಗಿ ಏಟು ತಿಂದರೂ ಮರುದಿನ ಅದೇ ಗೋಡೆಗೆ ಬಂದು ಕೂರುತ್ತಿತ್ತು. ಅತ್ತೆಗೆ ಅದು ಗೊತ್ತಿತ್ತು.

ಎರಡು ದಿನ ಯೋಚಿಸಿ, ಅವರು ಅವರೆಕಾಯಿ ಸುಲಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಮಾತು ತೆಗೆದೆ. ನನ್ನ ತವರಿನ 'ರಿ' ಇಷ್ಟು ವರ್ಷವಾದರೂ ನಾಲಿಗೆ ಬಿಟ್ಟಿಲ್ಲ. "ಅತ್ತೆ, ಅದು ಮಾವಾರಲ್ರಿ. ಬಣ್ಣ ಇಲ್ದ ಹುಟ್ಟಿದ ಕಾಗೆ ಅಷ್ಟ. ಅದಕ್ಕ ಏನೂ ಗೊತ್ತಿಲ್ರಿ," ಅಂದೆ.

"ನಂಗೊತ್ತಿಲ್ವೇನಮ್ಮ, ಅದು ಕಾಗೆ ಅಂತ," ಅಂದರು ಅತ್ತೆ, ಕೈ ನಿಲ್ಲಿಸದೆ. "ಅವ್ರೇ ಬಂದವ್ರೆ ಅಂದೋರು ನೀವು. ನಿಮ್ಮವ್ವ ಅಂದ್ಲು, ನನ್ ಮಗ ಅಂದ. ಅಂಗೇ ಇರ್ಲಿ ಬಿಡು."

ಹಾಗಾದರೆ ಅದನ್ನು ಯಾಕೆ ಕೊಲ್ಲಿಸುತ್ತೀರಿ ಎಂದು ಕೇಳಿದೆ. ಅವರು ಆಗ ತಲೆ ಎತ್ತಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಹನ್ನೊಂದು ವರ್ಸ ಬಾಗ್ಲಾಗೆ ನಿಂತ್ಕಂಡು ನೋಡ್ದೆಯಲ್ಲ. ಇದನ್ನೂ ನೋಡು."

ನಾನು ಎದ್ದು ಒಳಗೆ ಹೋದೆ. ಅದಕ್ಕೆ ಉತ್ತರವಾಗಿ ಏನು ಹೇಳಬಹುದಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ತಪ್ಪಾಯಿತು ಎನ್ನಬಹುದಿತ್ತು. ಅದು ಆಗ ಹೊಳೆಯಲಿಲ್ಲ, ಅಥವಾ ಹೊಳೆದರೂ ಬಾಯಿಗೆ ಬರಲಿಲ್ಲ. ಗಂಡನಿಗೂ ಹೇಳಲಿಲ್ಲ.

ಸುಮಾರು ಒಂದು ತಿಂಗಳ ಮೇಲೆ ನನ್ನ ಗಂಡ ಹೊಲದಿಂದ ಬೇಗ ಬಂದ ಒಂದು ದಿನ ಆ ಕಾಗೆ ಹಿತ್ತಲ ಕಲ್ಲಿನ ಪಕ್ಕ ಬಿದ್ದಿತ್ತು. ಎಡಗಣ್ಣು ಹೋಗಿತ್ತು. ಒಂದು ರೆಕ್ಕೆ ನೆಲಕ್ಕೆ ಜೋತಿತ್ತು. ಅತ್ತೆ ಒಳಗೆ ಮಜ್ಜಿಗೆ ಕಡೆಯುತ್ತಿದ್ದರು. ಅವನು ಅದನ್ನು ತನ್ನ ಅಂಗಿಯಲ್ಲಿ ಸುತ್ತಿ ತಂದು ನಡುಮನೆಯಲ್ಲಿ ಮಲಗಿಸಿದ. ರೇಷ್ಮೆ ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗಳಲ್ಲಿ ಎರಡನ್ನು ಗೋಡೆಗೆ ಒರಗಿಸಿ ಗೂಡಿನ ಹಾಗೆ ಮಾಡಿದ. ಕೆಳಗೆ ಮಾವನ ಹಳೆಯ ಪಂಚೆ ಹಾಸಿದ. ಅದಕ್ಕೆ ಅಪ್ಪ ಎಂದೇ ಕರೆಯುತ್ತಿದ್ದ. ಅಪ್ಪ ನೀರು ಕುಡಿದರು, ಅಪ್ಪ ಇವತ್ತು ಕಣ್ಣು ಬಿಟ್ಟರು.

ಆಮೇಲೆ ಅತ್ತೆಗೆ ಅಪ್ಪಣೆಯಾಯಿತು. ಅಪ್ಪನಿಗೆ ಹೊತ್ತು ಹೊತ್ತಿಗೆ ಉಣ್ಣಿಸಬೇಕು, ಅದು ಹೆಂಡತಿಯ ಕೆಲಸ, ನಿನ್ನ ಕೈಯಿಂದಲೇ ಆಗಬೇಕು ಎಂದ. ಅತ್ತೆ ಆಗುವುದಿಲ್ಲ ಎಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ನನ್ನ ಗಂಡ ಎದ್ದು ನಿಂತ. ಕೈಯೆತ್ತಲಿಲ್ಲ, ಬರೀ ಎದ್ದು ನಿಂತ. ಎತ್ತರದಲ್ಲಿ, ಭುಜದಲ್ಲಿ ಅವನು ತದ್ರೂಪು ಮಾವ. ಅತ್ತೆ ಅಡಿಗೆಮನೆಗೆ ಹೋಗಿ ಅನ್ನ ಕಲಸಿಕೊಂಡು ಬಂದರು.

ಅವತ್ತಿನಿಂದ ದಿನಕ್ಕೆ ಮೂರು ಸಲ ಅತ್ತೆ ಆ ಚಂದ್ರಿಕೆಯ ಮುಂದೆ ಮಂಡಿಯೂರಿ, ಆ ಡೊಂಕು ಬೆರಳಿನ ಕೈಯಲ್ಲಿ ಹಕ್ಕಿಯ ತಲೆ ಹಿಡಿದು, ಇನ್ನೊಂದು ಕೈಯಿಂದ ಅನ್ನದ ಅಗುಳು ತುರುಕುತ್ತಿದ್ದರು. ಅದು ಅವರ ಕೈಯನ್ನು ಕುಕ್ಕುತ್ತಿತ್ತು. ಒದ್ದೆಯಾದ ಪಂಚೆಯನ್ನು ಒಗೆದು ಮತ್ತೆ ಹಾಸಬೇಕಿತ್ತು. ಕಲೆ ಹೋಗಿದೆಯೇ ಇಲ್ಲವೇ ಎಂದು ನನ್ನ ಗಂಡ ನೋಡುತ್ತಿದ್ದ. ತಾನು ಹಾಗೆ ನೋಡುತ್ತಿದ್ದೇನೆಂದು ಅವನಿಗೇ ಗೊತ್ತಿತ್ತೋ ಇಲ್ಲವೋ. ನಾಲ್ಕನೇ ದಿನಕ್ಕೆ ಅತ್ತೆ ಊಟ ಬಿಟ್ಟರು. ಹಸಿವಿಲ್ಲ ಕಣಮ್ಮ ಅನ್ನುತ್ತಿದ್ದರು.

ನಾನು ಗಂಡನ ಹತ್ತಿರ ಹೋಗಿ ಇದು ಸಾಕು ಎನ್ನಬೇಕಿತ್ತು. ಎರಡು ಮಾತಿನ ಕೆಲಸ. ಒಂದು ವಾರ ಆ ಎರಡು ಮಾತನ್ನು ಬಾಯಲ್ಲಿಟ್ಟುಕೊಂಡು ಓಡಾಡಿದೆ. ಕೊನೆಗೆ ಗಂಡನಿಗೆ ಒಂದು ಮಾತು ಹೇಳುವುದಕ್ಕಿಂತ ಒಂದು ಹಕ್ಕಿಯನ್ನು ಸಾಯಿಸುವುದೇ ನನಗೆ ಸುಲಭವಾಗಿ ಕಂಡಿತು.

ಅವನು ರೇಷ್ಮೆ ಗೂಡು ಮಾರಲು ಹಿಂದೂಪುರಕ್ಕೆ ಹೋದ ಒಂದು ಬೆಳಗ್ಗೆ, ಅತ್ತೆ ಬಾವಿಯ ಹತ್ತಿರ ಇದ್ದಾಗ, ಹಕ್ಕಿಯನ್ನು ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ತೋಪಿಗೆ ಹೋದೆ. ಸ್ಕೂಲಿನ ದಾರಿಯೂ ಅದೇ. ಕತ್ತು ಮುರಿಯಲು ನನ್ನ ಕೈಯಲ್ಲಿ ಆಗಲಿಲ್ಲ. ಹುಣಸೆ ಮರದ ಕೆಳಗೆ ನೆಲದ ಮೇಲೆ ಬಿಟ್ಟೆ. ಅದು ಸ್ವಲ್ಪ ಹೊತ್ತು ಒಂದು ಕಣ್ಣಲ್ಲಿ ನನ್ನನ್ನು ನೋಡಿತು. ಆಮೇಲೆ ಕೊಂಬೆಯ ಮೇಲೆ ಕಾಗೆಗಳ ಸದ್ದು ಕೇಳಿ ಅತ್ತ ತಿರುಗಿ, ಬಾಯಿ ಅಗಲಿಸಿ, ಸರಿಯಿದ್ದ ಒಂದು ರೆಕ್ಕೆಯನ್ನು ನಡುಗಿಸುತ್ತ ಗುಟುಕು ಕೇಳಿತು, ಗೂಡಿನ ಮರಿ ತಾಯಿಯ ಹತ್ತಿರ ಕೇಳುವ ಹಾಗೆ. ಆ ಕಾಗೆಗಳು ಕೆಳಗಿಳಿದವು. ಬೇಗ ಮುಗಿಯಲಿಲ್ಲ. ನಾನು ಪೂರ್ತಿ ನೋಡಿದೆ. ಅವತ್ತು ಮೊದಲ ಪೀರಿಯಡ್ಡಿಗೆ ಹೋಗುವುದು ತಡವಾಯಿತು. ಬಸ್ಸು ಸಿಗಲಿಲ್ಲ ಎಂದು ಹೆಡ್‌ಮಾಸ್ಟರಿಗೆ ಸುಳ್ಳು ಹೇಳಿದೆ.

ಸಂಜೆ ನಾನು ಬರುವಷ್ಟರಲ್ಲಿ ಗಂಡನೂ ಬಂದಿದ್ದ. ಚಂದ್ರಿಕೆ ಎಳೆದು ಬಿಸಾಕಿದ್ದ. ಅಪ್ಪ ಎಲ್ಲಿ ಎಂದು ನನ್ನನ್ನು ಕೇಳಿದ. ನಾನು ಹೊರಡುವಾಗ ಇಲ್ಲೇ ಇದ್ದರು ಎಂದೆ. ಇದ್ದರು ಎಂದೇ ಹೇಳಿದೆ, ಅವನ ಹಾಗೆ. ಅವನು ಅತ್ತೆಯ ಕಡೆ ತಿರುಗಿದ. ಅತ್ತೆ ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ಅವರು ಮೊದಲು ನನ್ನನ್ನು ನೋಡಿದರು. ನನ್ನ ಚೀಲವನ್ನು ನೋಡಿದರು, ಅದರ ಅಂಚಿಗೆ ಒಂದು ಕೆನೆ ಬಣ್ಣದ ಪುಕ್ಕ ಅಂಟಿಕೊಂಡಿತ್ತು. ಆಮೇಲೆ ಮಗನ ಮುಖ ನೋಡಿ ಹೇಳಿದರು.

"ನಾನೇ ಕಣೋ. ಕುತ್ಗೆ ಮುರ್ದು ಸುಣ್ಣದ ಗುಂಡಿಗೆ ಹಾಕ್ದೆ."

ಅವನು ಹೊಡೆದ. ಅಂಗೈಯಿಂದ, ಕೆನ್ನೆಗೆ, ಒಂದೇ ಏಟು. ಹುರುಳಿ ನಡುಮನೆಯ ತುಂಬ ಚೆಲ್ಲಿತು. ಹೊಡೆದ ಕೈಯನ್ನು ಅವನೇ ತಿರುಗಿಸಿ ನೋಡಿಕೊಂಡು, ಹುಳುಮನೆಗೆ ಹೊರಟುಹೋದ. ನಾನು ಬಾಗಿಲಲ್ಲೇ ನಿಂತಿದ್ದೆ. ಮಾಡಿದ್ದು ನಾನು ಎಂದು ಹೇಳಲು ಅವತ್ತು ಸಂಜೆಯೂ ಹೊತ್ತಿತ್ತು, ಮರುದಿನ ಬೆಳಗ್ಗೆಯೂ ಹೊತ್ತಿತ್ತು. ಅತ್ತೆ ಚೆಲ್ಲಿದ ಹುರುಳಿಯನ್ನು ಒಂದೊಂದಾಗಿ ಆರಿಸಿದರು. ನಾನು ಬಗ್ಗಿ ಆರಿಸಲು ಹೋದರೆ ಬೇಡವೆಂದು ತಲೆಯಾಡಿಸಿದರು.

ಮೂರನೇ ದಿನ ಅವರು ಎರಡು ಸೀರೆ ಗಂಟು ಕಟ್ಟಿಕೊಂಡು ಅಗಳಿ ಕಡೆ ಮದುವೆಯಾಗಿ ಹೋಗಿದ್ದ ಮಗಳ ಮನೆಗೆ ಹೋದರು. ಯಾರೂ ಕಳಿಸಲಿಲ್ಲ, ಯಾರೂ ತಡೆಯಲಿಲ್ಲ. ನನ್ನ ಗಂಡ ಹಬ್ಬಕ್ಕೆ ಸೀರೆ ಕೊಟ್ಟು ಬರುತ್ತಾನೆ. ಅವರು ತೆಗೆದುಕೊಳ್ಳುತ್ತಾರಂತೆ, ಉಟ್ಟಿದ್ದನ್ನು ಅವನು ನೋಡಿಲ್ಲ. ಹೊಡೆದದ್ದರ ಬಗ್ಗೆ ಅವನು ನನ್ನ ಹತ್ತಿರ ಒಂದು ದಿನವೂ ಮಾತಾಡಿಲ್ಲ. ಹಕ್ಕಿಯ ವಿಷಯ ನಾನೂ ಅವನಿಗೆ ಹೇಳಿಲ್ಲ. ಇದನ್ನು ಓದಿದಾಗ ಅವನಿಗೆ ತಿಳಿಯುತ್ತದೆ.

ಹೋದ ವರ್ಷ ನಾನೊಬ್ಬಳೇ ಅಗಳಿ ಬಸ್ಸು ಹಿಡಿದು ಅತ್ತೆಯನ್ನು ನೋಡಲು ಹೋದೆ. ಮೈ ಸ್ವಲ್ಪ ತುಂಬಿಕೊಂಡಿದ್ದರು. ಮಗಳು ಕೆಲಸಕ್ಕೆ ಹೋಗಿದ್ದಳು, ಮನೆಯಲ್ಲಿ ಅವರೊಬ್ಬರೇ. ನಾನು ಆ ಬೆಳಗಿನದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ, ಚೀಲ, ತೋಪು, ಅದು ಗುಟುಕು ಕೇಳಿದ್ದು, ಎಲ್ಲ. ನನ್ನ ತಪ್ಪನ್ನು ನಿಮ್ಮ ಮೇಲೆ ಯಾಕೆ ಹಾಕಿಕೊಂಡಿರಿ ಎಂದು ಕೇಳಿದೆ. ನನ್ನನ್ನು ಉಳಿಸಲು ಹಾಗೆ ಹೇಳಿದರೋ, ಅದನ್ನು ಕೊಂದವಳು ತಾನೇ ಆಗಿರಲಿ ಎಂಬ ಆಸೆಗೆ ಹೇಳಿದರೋ, ನನಗೆ ಗೊತ್ತಾಗಲಿಲ್ಲ. ಅವರು ಕೇಳಿದ್ದು ಒಂದೇ.

"ಬಿರ್ನೆ ಸತ್ತೋಯ್ತಾ, ನಿದಾನ್ಕಾ?"

ಯಾವ ಉತ್ತರ ಅವರಿಗೆ ಬೇಕಾಗಿದೆಯೆಂದು ಮುಖ ನೋಡಿದರೆ ತಿಳಿಯಲಿಲ್ಲ. ನಿಧಾನಕ್ಕೆ ಎಂದೆ. ಹ್ಞೂಂ ಎಂದು ಎದ್ದು ಒಳಗೆ ಹೋಗಿ, ನನಗೆ ಒಂದು ಲೋಟ ಮಜ್ಜಿಗೆ ತಂದು ಕೊಟ್ಟರು.